ಕರಿ ಬಿಲ್ಲೆಯ ಬೆಲೆ

ಇಷ್ಟಲಿಂಗ ಪೂಜೆ ಮುಗಿದು ಹಣೆಯ ವಿಭೂತಿ ಆರುವ ಮೊದಲೇ ನಮ್ಮತ್ತೆ ನೀಲಮ್ಮ ಪೋಕರ್ ಬಿಲ್ಲೆಗಳ ಡಬ್ಬಿ ತೆರೆಯುತ್ತಿದ್ದರು. ಬಂಕಾಪುರದ ನಮ್ಮ ಪಡಸಾಲೆಯಲ್ಲಿ ಆ ಟಕಟಕ ಸದ್ದು ಕೇಳಿದರೆ ಸೊಸೆಯರಿಬ್ಬರೂ ಕೈಯೊರೆಸಿಕೊಂಡು ಬಂದು ಕೂರಬೇಕು. ಹಿರಿಯಳು ಗಿರಿಜಕ್ಕ, ಕಿರಿಯಳು ನಾನು.

ಗಂಡುಮಕ್ಕಳು ಗೋವಾ ತೋರಿಸಲು ಕರೆದೊಯ್ದಾಗ ಅತ್ತೆ ಸಮುದ್ರಕ್ಕಿಂತ ಹೆಚ್ಚು ಹೊತ್ತು ನೋಡಿದ್ದು ಹಡಗಿನ ಕ್ಯಾಸಿನೋದ ಪೋಕರ್ ಮೇಜನ್ನು. ಬಿಲ್ಲೆಯ ಬಣ್ಣಕ್ಕೊಂದು ಬೆಲೆ, ಮೇಜಿಗೊಂದು ಮಿತಿ. ಅದನ್ನು ಮೀರಿ ಯಾರೂ ಕಟ್ಟುವಂತಿಲ್ಲ. ಈ ಶಿಸ್ತು ಅವರಿಗೆ ಬಹಳ ಹಿಡಿಸಿತು. ಬರುವಾಗ ಒಂದು ಡಬ್ಬಿ ಬಿಲ್ಲೆ ತಂದರು. ದುಡ್ಡು ಕಟ್ಟಲು ಮಾತ್ರ ಅವರ ಧರ್ಮ ಒಪ್ಪಲಿಲ್ಲ.

“ಲಕ್ಷ್ಮೀನ್ನ ಪಣಕ್ಕ ಇಡಬಾರದು. ರೊಕ್ಕ ಕಟ್ಟಿದ್ರ ಅದು ಜೂಜು,” ಎಂದು ಬೇರೆಯೇ ಬೆಲೆ ಗೊತ್ತುಮಾಡಿದರು. ಬಿಳಿ ಬಿಲ್ಲೆ ಗೆದ್ದವಳಿಗೆ ಒಂದು ಹೊತ್ತು ರೊಟ್ಟಿ ಬಡಿಯುವುದರಿಂದ ಬಿಡುವು. ಕೆಂಪು ಗೆದ್ದರೆ ಒಂದು ಸಂಜೆ ಪೇಟೆ. ಕರಿ ಬಿಲ್ಲೆಗೆ ತವರಿನಲ್ಲಿ ಒಂದು ದಿನ. ಗಂಡಂದಿರಿಗೆ ಹೇಳಿಕೊಂಡರೆ ನಕ್ಕರು. ಅವರಿಗೇನು, ಅವರ ತವರು ಪಣಕ್ಕಿರಲಿಲ್ಲವಲ್ಲ.

ಕಲಿಸಿದ್ದು ಮಾತ್ರ ಚೆನ್ನಾಗಿಯೇ. “ಎಲಿ ನೋಡಬ್ಯಾಡ, ಮಾರಿ ನೋಡು,” ಎನ್ನುತ್ತಿದ್ದರು. ನನ್ನ ಮುಖ ನೋಡಿಯೇ ನನ್ನ ಕೈಯಲ್ಲಿರುವ ಇಸ್ಪೀಟು ಎಲೆಗಳನ್ನು ಹೇಳಿ ನಗಿಸುತ್ತಿದ್ದರು, ಆ ನಗುವಿನ ನಡುವೆಯೇ ಬಿಲ್ಲೆ ಬಳಿದುಕೊಳ್ಳುತ್ತಿದ್ದರು. ಮಿತಿಯೂ ಅವರ ಬಾಯಲ್ಲೇ ಇತ್ತು. ನಮಗೆ ಒಳ್ಳೆಯ ಎಲೆ ಬಂದಿವೆ ಅನ್ನಿಸಿದರೆ, “ಇವತ್ತ ಮಿತಿ ಬಿಳೀದು.” ತಮಗೆ ಬಂದಿದ್ದರೆ, “ಇವತ್ತ ಮಿತಿ ಇಲ್ಲ.”

ಒಂದು ವರ್ಷ ನಾಗರಪಂಚಮಿಯ ಹೊತ್ತಿಗೆ ಹಾನಗಲ್ಲಿನಲ್ಲಿ ಗಿರಿಜಕ್ಕನ ತಾಯಿ ಹಾಸಿಗೆ ಹಿಡಿದಿದ್ದರು. ಹಬ್ಬಕ್ಕೆಂದು ಅವಳು ಒಂದೊಂದೇ ಕರಿ ಬಿಲ್ಲೆ ಕೂಡಿಸಿಟ್ಟಿದ್ದಳು. ಅಂದು ಅವಳಿಗೆ ಮೂರು ರಾಣಿ ಬಂದವು. ಅತ್ತೆ ಅವಳ ಮುಖ ನೋಡಿದರು.

“ಇವತ್ತ ಮಿತಿ ಇಲ್ಲ. ನಿನ್ನ ಕರೀವು ಎಷ್ಟದಾವ, ಅಷ್ಟ ನಾನೂ ಕಟ್ಟತೇನಿ. ಗೆದ್ರ ಎರಡು ಪಟ್ಟು ದಿನ ನಿಮ್ಮವ್ವನ ಹಂತೇಕ ಇರು.”

ಗಿರಿಜಕ್ಕ ಎಲ್ಲ ಬಿಲ್ಲೆ ಮುಂದೆ ಸರಿಸಿದಳು. ಅತ್ತೆ ಎಲೆ ಬಿಚ್ಚಿಟ್ಟರು. ಐದೂ ಆಟೀನು, ಒಂದೇ ಜಾತಿಯ ಎಲೆ. ಅದರ ಮುಂದೆ ಮೂರು ರಾಣಿಯರದು ಏನೂ ನಡೆಯುವುದಿಲ್ಲ.

ಹಬ್ಬಕ್ಕೆ ಕರೆಯಲು ಬಂದ ಅವಳ ತಮ್ಮನಿಗೆ ಅತ್ತೆ ಹೊಟ್ಟೆ ತುಂಬ ಉಣ್ಣಿಸಿದರು. “ನಿಮ್ಮಕ್ಕ ಸೋತಾಳಪ್ಪಾ. ಮುಂದಿನ ಪಂಚಮಿಗೆ ಬಾ,” ಎಂದು ಡಬ್ಬಿ ತುಂಬ ಉಂಡಿ ಕೊಟ್ಟು ಕಳಿಸಿದರು. ಮುಂದಿನ ಪಂಚಮಿಗೆ ಆ ತಾಯಿ ಇರಲಿಲ್ಲ. ಅತ್ತೆಯ ಮೇಲಿನ ನನ್ನ ಅಕ್ಕರೆ ಅಲ್ಲಿಗೆ ಸತ್ತಿತು. ಗಿರಿಜಕ್ಕ ಅತ್ತಿದ್ದನ್ನು ನಾನು ಕಾಣಲಿಲ್ಲ. ಅವಳು ಆಟಕ್ಕೆ ಎಂದಿನಂತೆ ಕೂತಳು.

ಹೋದ ವರ್ಷ ಅತ್ತೆಗೆ ಲಕ್ವಾ ಹೊಡೆದು, ಮನೆಯ ಕೀಲಿಕೈ ಗಿರಿಜಕ್ಕನ ಸೊಂಟಕ್ಕೆ ಬಂತು. ಒಂದು ಮಧ್ಯಾಹ್ನ ಅತ್ತೆ ತಡವರಿಸುತ್ತ ಅವಳನ್ನು ಕೇಳಿದರು: “ಒಮ್ಮೆ ಹಿರೇಬೆಂಡಿಗೇರಿಗೆ ಕರಕೊಂಡು ಹೋಗವಾ. ನನ್ನ ತವರುಮನಿ ನೋಡಬೇಕು.”

ಹಿರೇಬೆಂಡಿಗೇರಿ ಏನು ದೂರವಲ್ಲ, ಕಾರು ಅಂಗಳದಲ್ಲೇ ನಿಂತಿತ್ತು. ಗಿರಿಜಕ್ಕ ಡಬ್ಬಿ ತಂದಳು. ಒಂದು ಬಿಳಿ ಬಿಲ್ಲೆ ತೆಗೆದು ಅತ್ತೆಯ ಅಂಗೈಯಲ್ಲಿಟ್ಟು ಬೆರಳು ಮುಚ್ಚಿದಳು.

“ಇವತ್ತ ಮಿತಿ ಬಿಳೀದರಿ ಅತ್ತಿ. ರೊಟ್ಟಿ ಬಡಿಯೋದು ಬ್ಯಾಡ ನಿಮಗ. ಆರಾಮ ಮಲಕೋರಿ.”

ಅತ್ತೆ ಬಿಲ್ಲೆ ನೋಡಲಿಲ್ಲ, ಅವಳ ಮುಖ ನೋಡಿದರು. “ಛಲೋ ಕಲತಿ,” ಎಂದರು. ಮತ್ತೆ ಕೇಳಲಿಲ್ಲ.

ಹಿರೇಬೆಂಡಿಗೇರಿಯವರೇ ಬಂದರು, ಅತ್ತೆಯ ಮಣ್ಣಿಗೆ.