ಅಮ್ಮನ ಓಟು

ಕಾಪುವಿನ ನಮ್ಮ ಮನೆಯಲ್ಲಿ ಮಧ್ಯಾಹ್ನ ಊಟಕ್ಕೆ ಕೂತರೆ ಟಿವಿಯಲ್ಲಿ ಲೋಕಸಭೆ ಇರಲೇಬೇಕು. ಅದು ಅಮ್ಮನ ಹುಚ್ಚು. ನಾನು ಬೋಟಿನ ಕೆಲಸ ಬಿಟ್ಟು ಆಟೋ ಓಡಿಸುತ್ತೇನೆ ಎಂದ ಮೇಲೆ ಅಪ್ಪನಿಗೂ ನನಗೂ ದಿನಾ ಜಗಳ. ಒಂದು ದಿನ ಅಮ್ಮನಿಗೆ ಸಾಕಾಯಿತು.

"ಅಲ್ಲಿ ನೋಡಿ, ಎಂತ ಹೇಳುವುದಿದ್ದರೂ ಸ್ಪೀಕರಿಗೇ ಹೇಳಬೇಕು. ಇಲ್ಲಿ ಸ್ಪೀಕರ್ ನಾನು."

"ಅಧ್ಯಕ್ಷರೇ, ಇವನಿಗೆ ಕಡಲು ಬೇಡವಂತೆ!" ಅಪ್ಪ ಅಣಕಿಸಿದರು.

"ಅಧ್ಯಕ್ಷರೇ, ಬೋಟು ಹತ್ತಿದರೆ ನನಗೆ ಇವತ್ತಿಗೂ ವಾಂತಿ ಬರ್ತದೆ. ಅವರಿಗೆ ಗೊತ್ತುಂಟು."

ಅಮ್ಮ ವಿಷಯವನ್ನು ಮತಕ್ಕೆ ಹಾಕಿದರು. ನಾನು ಆಟೋ ಎಂದೆ, ಅಪ್ಪ ಬೋಟು ಎಂದರು.

"ಸಮ ಬಂದರೆ ಮಾತ್ರ ಸ್ಪೀಕರಿಗೆ ಓಟು. ನನ್ನದು ಆಟೋಗೆ."

ಅಪ್ಪ ಊಟ ಬಿಟ್ಟು ಎದ್ದು ಅಂಗಳಕ್ಕೆ ಹೋದರು.

"ಸಭಾತ್ಯಾಗ," ಎಂದು ಅಮ್ಮ ಅವರ ಬಟ್ಟಲಿಗೆ ಮುಚ್ಚಳ ಹಾಕಿದರು.

ಸ್ವಲ್ಪ ಹೊತ್ತಿಗೆ ಅಪ್ಪ ಒಳಗೆ ಬಂದು ಕೂತರು. ನನ್ನ ಮುಖ ನೋಡಲಿಲ್ಲ.

"ಅಧ್ಯಕ್ಷರೇ, ಕಟಪಾಡಿ ಆಟೋ ಸ್ಟ್ಯಾಂಡಿನಲ್ಲಿ ನನ್ನ ಗುರ್ತದವರಿದ್ದಾರೆ. ನಾಳೆ ಬೆಳಿಗ್ಗೆ ಹೊರಟು ನಿಲ್ಲಲಿಕ್ಕೆ ಹೇಳಿ ನಿಮ್ಮ ಮಗನಿಗೆ. ಮತ್ತೆ, ಆ ಬಂಗುಡೆ ಇನ್ನೊಂದು ಹಾಕು ಮಾರಾಯ್ತಿ."