ಹೆಸರು ಹಿಡಿದು ಕರೆಯದ ಗಂಡ

ನನ್ನ ಗಂಡ ಓಡಿಹೋದವರಲ್ಲ, ಸತ್ತವರು. ಇಷ್ಟು ತಿಳಿಯುವುದಕ್ಕೆ ನನಗೆ ಇಪ್ಪತ್ತೆಂಟು ವರ್ಷ ಹಿಡಿಯಿತು. ಇಟಲಿಯಲ್ಲಿ ಒಂದು ದಿನ ತಿರುಗಬೇಕಾಯಿತು.

ಅವರು ದುಬೈಯಿಂದ ಹೊರಡುವ ಸರಕು ಹಡಗಿನಲ್ಲಿ ಅಡುಗೆಯವರಾಗಿದ್ದರು. ಇಟಲಿಯ ಒಂದು ಹಳೇ ಬಂದರಿನಲ್ಲಿ ತರಕಾರಿ ತರಲು ಇಳಿದವರು ಹಡಗಿಗೆ ಮರಳಲಿಲ್ಲ. ಆಗ ಅವರಿಗೆ ನಲವತ್ತೆರಡು. ಹೆಣ ಸಿಗಲಿಲ್ಲ, ಕಾಗದವೂ ಬರಲಿಲ್ಲ. ನೀರಿಗೆ ಬಿದ್ದಿರಬೇಕು ಎಂದ ಮೈದುನ. "ಬಿಳಿ ಹೆಂಗಸನ್ನು ಕಟ್ಟಿಕೊಂಡು ಸುಖವಾಗಿದ್ದಾನೆ" ಎಂದರು ಅತ್ತೆ. ನಮ್ಮ ಕರಾವಳಿಯಲ್ಲಿ ಮಳೆಗಾಲದ ಆಟಿ ತಿಂಗಳಲ್ಲಿ ಸತ್ತವರಿಗೆ ಎಲೆ ಹಾಕಿ ಬಡಿಸಿ, ಹೆಸರು ಹಿಡಿದು ಕರೆಯುತ್ತೇವೆ. ಬದುಕಿರುವವರಿಗೆ ಹಾಗೆ ಬಡಿಸಬಾರದು. ಅದಕ್ಕೇ ಅವರಿಗೆ ಎಲೆ ಹಾಕಲಿಲ್ಲ, ನಾನು ಕರಿಮಣಿ ತೆಗೆಯಲಿಲ್ಲ. ಸತ್ತೇ ಹೋಗಿದ್ದರೆ ಇಷ್ಟು ವರ್ಷ ಹಸಿದು ಕೂತಿದ್ದಾರಲ್ಲ ಎಂದು ಪ್ರತಿ ಆಟಿಯಲ್ಲೂ ಅನ್ನ ಇಳಿಯುತ್ತಿರಲಿಲ್ಲ.

ಈಗ ನಾನಿರುವುದು ಅಬುಧಾಬಿಯಲ್ಲಿ, ಅಲ್ ರೀಮ್ ಐಲ್ಯಾಂಡಿನ ಮೂವತ್ತೊಂದನೇ ಮಾಳಿಗೆಯಲ್ಲಿ, ಮಗನ ಮನೆಯಲ್ಲಿ. ರಜೆಗೆ ಇಟಲಿ ಎಂದು ಸೊಸೆ ಹೊರಡಿಸಿದಾಗ ಮಗ ಯಾರಿಗೂ ಹೇಳದೆ ಆ ಬಂದರನ್ನೂ ಸೇರಿಸಿದ್ದ. ಕೊನೆಯ ದಿನ ಅಲ್ಲಿ, ಸಂಜೆಗೆ ವಿಮಾನ.

ಊರು ಚೆಂದವೇ. ಗುಡ್ಡದ ಮೇಲೆ ಒಂದರ ಹೆಗಲೇರಿದ ಹಾಗೆ ಇನ್ನೊಂದು ಮನೆ. ದೊಡ್ಡ ಇಗರ್ಜಿ, ಅದರೊಳಗೆ ಯಾರೋ ಸಂತರ ಮೂಳೆ. ಸೊಸೆ ಎಲ್ಲದರ ಮುಂದೆ ನಿಲ್ಲಿಸಿ ಫೋಟೋ ತೆಗೆದಳು. ನಾನು ಗೋಡೆ ನೋಡುತ್ತಿದ್ದೆ. ಮುದುಕ ಮುದುಕಿಯರ ಮುಖವಿರುವ ಕಾಗದಗಳನ್ನು ಗಲ್ಲಿಗಲ್ಲಿಯಲ್ಲಿ ಅಂಟಿಸಿದ್ದರು.

"ಇಲ್ಲಿ ಓಟಿಗೆ ಇಷ್ಟು ಮುದುಕರು ನಿಲ್ತಾರಾ?" ಎಂದೆ.

ಮೊಮ್ಮಗಳು ಮೊಬೈಲ್ ಹಿಡಿದು ಓದಿದಳು. "ನೋ ಅಜ್ಜಿ, ದೇ ಆರ್ ಡೆಡ್. ಯಾರು ಸತ್ರೂ ಹೀಗೆ ಅಂಟಿಸ್ತಾರಂತೆ."

ಆಮೇಲೆ ನಾನು ಒಂದು ಗೋಡೆಯನ್ನೂ ಬಿಡಲಿಲ್ಲ. ಇಲ್ಲೇ ಉಳಿದು ಈಚೆಗೆ ಸತ್ತಿದ್ದರೆ ಮುಖ ಸಿಗಬೇಕಲ್ಲ.

"ಎಂತಮ್ಮ ಹುಡುಕುದು?" ಎಂದ ಮಗ. ಅವನಿಗೆ ಗೊತ್ತಿತ್ತು.

"ಮೂತ್ರಕ್ಕೆ ಜಾಗ" ಎಂದೆ.

ಮಧ್ಯಾಹ್ನ ಅಂಗಡಿಗಳು ಬಾಗಿಲು ಹಾಕಿದವು. ಬೀದಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಆಗ ಅವರನ್ನು ಕಂಡೆ. ಮೆಟ್ಟಿಲು ಹತ್ತುತ್ತಿದ್ದರು. ಕೈಯಲ್ಲಿ ತರಕಾರಿ ಚೀಲ, ಎಡ ಹೆಗಲು ಕೆಳಗೆ, ಆರೇಳು ಮೆಟ್ಟಿಲಿಗೊಮ್ಮೆ ಚೀಲ ಆ ಕೈಯಿಂದ ಈ ಕೈಗೆ, ನಮ್ಮವರು ಸಂತೆಯಿಂದ ಬರುತ್ತಿದ್ದ ಹಾಗೇ. ಹಿಂದೆ ಹೋದೆ. ಕರೆಯಬೇಕು, ಹೆಸರು ಬಾಯಿಗೆ ಬಾರದು. ಗಂಡನ ಹೆಸರನ್ನು ಒಂದು ದಿನವೂ ಹೇಳಿದವಳಲ್ಲ ನಾನು. "ಓಯ್, ಇಲ್ಲಿ ನೋಡಿ" ಎಂದು ಮನೆಯಲ್ಲಿ ಕರೆಯುತ್ತಿದ್ದ ಹಾಗೇ ಕರೆದೆ. ಆ ಊರಿನಲ್ಲಿ ಅದಕ್ಕೆ ಯಾರು ತಿರುಗಬೇಕು? ಮೂರು ತಿರುವು ಹತ್ತಿದೆ. ಉಸಿರು ಸಿಕ್ಕಿಕೊಂಡು ಕೆಮ್ಮು ಬಂತು. ಕೆಮ್ಮಿಗೆ ತಿರುಗಿದರು.

ಬೇರೆ ಮನುಷ್ಯ. ಆ ಊರಿನವನೇ, ನಲವತ್ತು ದಾಟಿರಬಹುದು, ತಲೆಯಲ್ಲಿ ಒಂದು ಬಿಳಿಕೂದಲಿಲ್ಲ. ಏನೋ ಕೇಳಿದ. ಚೀಲದ ಕೈ ಬದಲಿಸಿ ಹತ್ತಿ ಹೋದ.

ಮೆಟ್ಟಿಲ ಮೇಲೆ ಕೂತೆ. ಬದುಕಿದ್ದರೆ ನಮ್ಮವರಿಗೆ ಈಗ ಎಪ್ಪತ್ತು. ನನ್ನ ಮಂಡಿ ಹೋಯಿತು, ಹಲ್ಲು ಹೋಯಿತು, ಅವರನ್ನು ಮಾತ್ರ ಮುದುಕರಾಗಿ ನಾನು ಒಮ್ಮೆಯೂ ನೆನೆದದ್ದಿಲ್ಲ. ಕನಸಿಗೂ ನಲವತ್ತೆರಡರವರೇ ಬರುತ್ತಿದ್ದರು. ಹುಡುಕಲು ಬಂದದ್ದೂ ಆ ವಯಸ್ಸಿನವರನ್ನೇ. ವಯಸ್ಸಾಗದೆ ಉಳಿಯುವವರು ಸತ್ತವರು ಮಾತ್ರ. ಅಂದರೆ ಒಳಗೆ ನನಗೆ ಯಾವತ್ತೋ ತಿಳಿದಿತ್ತು.

ಮಗ ಓಡಿ ಬಂದ. "ಎಲ್ಲಿ ಹೋದದ್ದಮ್ಮ ನೀನು? ಅಪ್ಪನ ಹಾಗೆ ನೀನೂ ಕಾಣೆಯಾಗ್ಬೇಕಾ?" ಎಂದ.

"ಅಪ್ಪ ಕಾಣೆಯಾದದ್ದಲ್ಲ, ಸತ್ತದ್ದು. ಕೈ ಕೊಡು, ಏಳ್ಬೇಕು."

ಮರುದಿನ ಬೆಳಿಗ್ಗೆ ಅಬುಧಾಬಿಯಲ್ಲಿ ಇಳಿದೆವು. ಮಗನನ್ನು ಹಮ್ದಾನ್ ಸ್ಟ್ರೀಟಿನ ಕಡೆಗೆ ಓಡಿಸಿ ಬಾಳೆಲೆ, ಬಂಗುಡೆ ತರಿಸಿದೆ. ಸ್ನಾನ ಮಾಡಿ ಕುಚ್ಚಲಕ್ಕಿ ಅನ್ನಕ್ಕಿಟ್ಟೆ.

"ಆಟಿಗೆ ಇನ್ನೂ ದಿನ ಉಂಟಲ್ಲ ಅತ್ತೆ?" ಎಂದಳು ಸೊಸೆ.

"ಇಪ್ಪತ್ತೆಂಟು ವರ್ಷ ಹಸಿದವರಿಗೆ ಪಂಚಾಂಗ ತೋರಿಸ್ತೀಯಾ? ಮೆಣಸು ಅರೆ."

ಕರಿಮಣಿ ತೆಗೆದು ಎಲೆಯ ಪಕ್ಕ ಇಟ್ಟೆ. ಬಡಿಸಿ, ಅವರ ಹೆಸರು ಹಿಡಿದು ಕರೆದೆ. ಮೊದಲ ಸಲ ಅರ್ಧವೇ ಬಂತು. ಮತ್ತೆ ಕರೆದೆ. ಸತ್ತವರು ಉಣ್ಣುವಾಗ ಮನೆಯವರು ಒಳಗಿರಬಾರದು. ಬಾಗಿಲು ಎಳೆದುಕೊಂಡು ನಾವು ನಾಲ್ವರೂ ಲಿಫ್ಟಿನ ಎದುರು ಬರಿಗಾಲಲ್ಲಿ ನಿಂತೆವು.