ಮೂರನೇ ಕಿಟಕಿಗೆ ಎಸೆದ ಟವೆಲ್

ಬೀದರಿನ ಚಿದ್ರಿಯಲ್ಲಿದ್ದ ಏಕನಾಥ ಬಿರಾದಾರರು ನಿವೃತ್ತ ಗುಮಾಸ್ತರು. ಮನೆಯ ಗೇಟಿನ ಮೇಲಷ್ಟೇ ಅಲ್ಲ, ಹೆಗಲ ಮೇಲಿನ ಟವೆಲ್ಲಿನಲ್ಲೂ ‘ಏಕನಾಥ ಬಿರಾದಾರ, ಬಿ.ಎ.’ ಎಂದು ಕೆಂಪು ದಾರದಲ್ಲಿ ಹೊಲಿಸಿಕೊಂಡಿದ್ದರು. ಮದುವೆಯಾಗಿರಲಿಲ್ಲ. ಕೇಳಿದವರಿಗೆ ಕಚೇರಿಯ ಒತ್ತಡ ಎನ್ನುತ್ತಿದ್ದರು. ನಿಜವಾದ ಕಾರಣ ಮೀರಾಬಾಯಿ.

ಎಪ್ಪತ್ತೆರಡರ ಬರದಲ್ಲಿ ಔರಾದಿನ ಹತ್ತಿರ ರಸ್ತೆಗೆ ಜಲ್ಲಿ ಒಡೆಯುವ ಕಾಮಗಾರಿ ನಡೆದಿತ್ತು. ಅಲ್ಲಿ ಹಾಜರಿ ಕರೆಯುವವರು ಇಪ್ಪತ್ತಮೂರರ ಏಕನಾಥರು. ‘ಮೀರಾಬಾಯಿ’ ಎಂದು ಅವರು ಕರೆಯಬೇಕು, ‘ಹಾಂ ಸಾಹೇಬ’ ಎಂದು ಆಕೆ ಅನ್ನಬೇಕು. ಐದು ತಿಂಗಳ ಪ್ರೇಮವೆಂದರೆ ಇಷ್ಟೇ. ಬಾವಿಗಳೆಲ್ಲ ಬತ್ತಿದ ಮೇಲೆ ಆಕೆ ಊರವರ ಜೊತೆ ಹೈದರಾಬಾದಿನ ಬಸ್ಸು ಹತ್ತಿದಳು. ಏಕನಾಥರು ನಿಲ್ದಾಣದವರೆಗೂ ಹೋಗಿ, ಬಸ್ಸು ಹೊರಡುವ ತನಕ ಕ್ರಾಪು ಬಾಚುತ್ತ ನಿಂತು, ಒಂದು ಮಾತೂ ಆಡದೆ ವಾಪಸು ಬಂದರು.

ನಲವತ್ತನಾಲ್ಕು ವರ್ಷಗಳ ಮೇಲೆ ಮತ್ತೆ ಬರ. ಭಾಲ್ಕಿ ನಿಲ್ದಾಣದಲ್ಲಿ ಪುಣೆಗೆ, ಹೈದರಾಬಾದಿಗೆ ಹೊರಟವರ ಗಂಟುಮೂಟೆ. ನೆಂಟರ ಮನೆಗೆ ಬಂದಿದ್ದ ಏಕನಾಥರು ಅದನ್ನು ನೋಡಿ ಹಳೆಯದು ನೆನಪಾಗಿ, ಔರಾದಿಗೆ ಹೊರಟಿದ್ದ ಹಳೇ ಬಸ್ಸಿನ ಮೂರನೇ ಕಿಟಕಿಯೊಳಗೆ ಟವೆಲ್ ಎಸೆದರು. ಟವೆಲ್ ಬಿದ್ದ ಸೀಟಿಗೆ ನಮ್ಮ ಕಡೆ ಯಾರೂ ಕೈ ಹಚ್ಚುವುದಿಲ್ಲ. ಅದರ ಮೇಲೆ ಕೂತು ತೂಕಡಿಸಿ, ಎದ್ದು ಇಳಿದರೆ ಔರಾದು ಎಪ್ಪತ್ತೆರಡರಲ್ಲಿತ್ತು. ಆಕೆ ಊರು ಬಿಟ್ಟ ಅದೇ ಮುಂಜಾನೆ, ನಿಲ್ದಾಣದ ಅದೇ ಬೇವಿನ ಗಿಡ, ಗಂಟಿನ ಪಕ್ಕದಲ್ಲಿ ಮೀರಾಬಾಯಿ. ಇದು ಹೇಗೆ ಎಂದು ಅವರು ವಿಚಾರಿಸಲಿಲ್ಲ. ಕೂಡಲು ಜಾಗ ಸಿಕ್ಕಿದ್ದೇ ದೊಡ್ಡದು.

ಆಕೆ ಹೋಗುವ ಮುಂಚೆ ಒಂದು ಮಾತು ಹೇಳಬೇಕು, ಅಷ್ಟೇ. ಏಕನಾಥರು ಗಂಟಲು ಸರಿಮಾಡಿಕೊಂಡರು.

“ಈ ಮೂಲಕ ತಮಗೆ ತಿಳಿಯಪಡಿಸುವುದೇನೆಂದರೆ...”

“ಅಜ್ಜಾರ, ಬಿಸಲಾಗ ಯಾಕ ನಿಂತೀರಿ? ನೆಳ್ಳಿಗೆ ಕುಂದರ್ರಿ,” ಎಂದಳು ಮೀರಾಬಾಯಿ. ತಂಬಿಗೆಯಲ್ಲಿದ್ದ ಅರ್ಧ ನೀರನ್ನೂ ಕೊಟ್ಟಳು. ಅವರು ಕುಡಿದು ಮುಗಿಸುವಷ್ಟರಲ್ಲಿ ಹೈದರಾಬಾದಿನ ಬಸ್ಸು ಹೋಗಿತ್ತು. ಏಕನಾಥರು ತಾವು ಬಂದ ಬಸ್ಸಿಗೇ ಟವೆಲ್ ಎಸೆದು ಈಗಿನ ಕಾಲಕ್ಕೆ ವಾಪಸು ಬಂದರು.

ಮರುವಾರ ಮತ್ತೆ ಟವೆಲ್ ಎಸೆದು ಅದೇ ಮುಂಜಾನೆಗೆ ಹೋದರು. ಈ ಸಲ ಕ್ರಾಪು ಬಾಚುತ್ತಿದ್ದ ಹುಡುಗನನ್ನೇ, ಅಂದರೆ ತಮ್ಮನ್ನೇ, ಹಿಡಿದರು.

“ತಮ್ಮಾ, ಹೋಗಿ ಮಾತಾಡು. ಇಲ್ಲಂದ್ರ ಜಿಂದಗಿ ಪೂರಾ ಒಬ್ಬನೇ ಕುಂತು ಚಹಾ ಕುಡೀತಿ.”

“ಯಾರ್ರಿ ನೀವು? ಕೂಲಿ ಬೇಕಂದ್ರ ನಾಳಿ ಲೈನಿನಾಗ ಬರ್ರಿ. ನಾ ಸರ್ಕಾರಿ ಮನಷ್ಯಾ ಇದ್ದೇನಿ.”

ಏಕನಾಥರಿಗೆ ಅವನ ಕಪಾಳಕ್ಕೆ ಹೊಡೆಯಬೇಕೆನಿಸಿತು. ಕಪಾಳ ಯಾರದೆಂದು ನೆನಪಾಗಿ ಸುಮ್ಮನಾದರು.

ಮೂರನೇ ಸಲವೂ ಹೋದರು. ಬಸ್ಸು ಬಂತು. ಮಂದಿ ಬಾಗಿಲಿಗೆ ಮುಗಿಬಿದ್ದರು. ಆಕೆ ಹೈದರಾಬಾದಿನ ತನಕ ಗಂಟು ಹೊತ್ತು ನಿಂತೇ ಹೋಗಬೇಕಾಗಿತ್ತೆಂಬುದು ಇಷ್ಟು ವರ್ಷ ಅವರಿಗೆ ಹೊಳೆದೇ ಇರಲಿಲ್ಲ. ಅವರು ಟವೆಲ್ ತೆಗೆದು ಕಿಟಕಿಯೊಳಗೆ ಎಸೆದರು.

“ಮೀರಾಬಾಯಿ, ಆ ಜಾಗಾ ನಿಂದು. ಹೋಗಿ ಕುಂದ್ರು.”

“ನಿಮ್ಮ ಟಾವೆಲ್‌ರಿ, ಅಜ್ಜಾರ?”

“ತಗೀಬ್ಯಾಡ. ತಗದ್ರ ಎಬ್ಬಸ್ತಾರ.”

ಬಸ್ಸು ಹೋಯಿತು. ಹೇಳಬೇಕಾದ ಮಾತು ಮತ್ತೆ ಉಳಿಯಿತು. ಟವೆಲ್ ಇಲ್ಲದ್ದರಿಂದ ವಾಪಸು ಬರುವಾಗ ಏಕನಾಥರಿಗೆ ಸೀಟೂ ಸಿಗಲಿಲ್ಲ. ನಲವತ್ತನಾಲ್ಕು ವರ್ಷ ನಿಂತುಕೊಂಡೇ ಬಂದರು. ಹೊಸ ಟವೆಲ್ ಎಸೆದು ನೋಡಿದರೆ, ಬಸ್ಸು ಈಗಿನ ಔರಾದಿಗೇ ಹೋಯಿತು.

ತಿಂಗಳಾದ ಮೇಲೆ ಒಂದು ಸಂಜೆ ಬೀದರಿನ ಬಸ್ ನಿಲ್ದಾಣದ ಎದುರು, ಖಾಸಿಂ ಅಲಿಯ ಚಹಾದಂಗಡಿಯಲ್ಲಿ ಕೂತಿದ್ದರು. ನರೆತ ಕೂದಲಿನ ಹೆಂಗಸೊಬ್ಬಳು ಬಂದು ಖಾಸಿಂನನ್ನು ಏನೋ ಕೇಳಿದಳು.

“ಕಾಕಾ, ಈ ಬಾಯಿ ನಿಮ್ಮನ್ನೇ ಹುಡುಕಲತಾಳ ನೋಡ್ರಿ,” ಎಂದ ಖಾಸಿಂ.

ಆಕೆ ಚೀಲದಿಂದ ಮಾಸಿದ ಟವೆಲ್ ತೆಗೆದಳು. “ನಾ ಮೀರಾಬಾಯಿ ಅಂತರಿ. ಗಂಡ ತೀರಿ ಹತ್ತು ವರ್ಷಾತು. ಈಗ ಚಿದ್ರಿದಾಗ ತಂಗಿ ಮಗಳ ಮನ್ಯಾಗ ಇರ್ತೇನಿ. ನಿಮ್ಮ ಗೇಟಿನ ಮ್ಯಾಲಿನ ಹೆಸರು, ಇದರ ಮ್ಯಾಲಿನ ಹೆಸರು ಒಂದೇ ಅದ ಅಂತ ಆಕಿ ಓದಿ ಹೇಳಿದಳು. ಥೇಟ್ ನಿಮ್ಮಂಗೇ ಇದ್ರು ಆ ಅಜ್ಜಾರು. ನಿಮ್ಮ ಅಜ್ಜ ಏನ್ರಿ?”

ಏಕನಾಥರು ಹೌದು ಎನ್ನುವಂತೆಯೂ ಅಲ್ಲ ಎನ್ನುವಂತೆಯೂ ತಲೆ ಆಡಿಸಿದರು.

“ಎಪ್ಪತ್ತೈದರಾಗೂ ತಂದಿದ್ದೆ, ಹೆಸರು ಓದಿಸಿ, ಕೇಳಕೋತ ನಿಮ್ಮ ಕಚೇರಿಗೆ. ನೀವು ತಲಿ ಎತ್ತದೆ, ಅರ್ಜಿ ಬರಕೊಂಡು ಬಾ ಅಂದ್ರಿ. ನನಗ ಬರಿಲಿಕ್ಕೆ ಬರಂಗಿಲ್ಲ. ಹೊಳ್ಳಿ ಹೋದೆ.”

ಹಿಂದಿನ ದಿನದವರೆಗೆ ಇಲ್ಲದಿದ್ದ ಆ ಮಧ್ಯಾಹ್ನ ಈಗ ಏಕನಾಥರಿಗೆ ಪೂರ್ತಿ ನೆನಪಾಯಿತು: ಮೇಜು, ಫೈಲು, ಬಳೆಯ ಸದ್ದು, ಮತ್ತು ಎತ್ತದೇ ಇದ್ದ ತಮ್ಮ ತಲೆ.

“ಈಗೂ ಅರ್ಜಿ ಬೇಕೇನ್ರಿ?”

ಅವರು ಟವೆಲ್ ಈಸಿಕೊಂಡು ಬೆಂಚಿನ ಅರ್ಧಕ್ಕೆ ಹಾಸಿ, ಈಚೆ ಸರಿದು ಕೂತರು. ಹೇಳಬೇಕಾದ ಮಾತನ್ನು ಹುಡುಕಿದರು. ಸಿಕ್ಕಿದ್ದು ಹಳೆಯದೊಂದೇ.

“ಮೀರಾಬಾಯಿ.”

“ಹಾಂ ಸಾಹೇಬ,” ಎಂದುಬಿಟ್ಟಳು ಆಕೆ, ರೂಢಿಯ ಮೇಲೆ. ಆಮೇಲೆ ಅವರ ಮುಖವನ್ನು ಸಾವಕಾಶ ನೋಡಿ, ಟವೆಲ್ಲಿನ ಮೇಲೆ ಕೂತಳು.

“ಚಹಾ ಒಂದಾ, ಎರಡಾ ಕಾಕಾ?” ಎಂದು ಖಾಸಿಂ ಕೇಳಿದ.

“ಎರಡು,” ಎಂದಳು ಮೀರಾಬಾಯಿ. “ಸಕ್ರಿ ಕಮ್ಮಿ ಹಾಕಪಾ, ಎರಡಕ್ಕೂ.”